ರೋನಿನ್: ವೇಷ ಮಾತ್ರ ಹಳೆಯದೋ, ಗುಣವೂ ಹಳೆಯದೋ?

ಜೂಜುವಾಡಿ (ಹೊಸೂರು): ಅತ್ತಿಬೆಲೆ ದಾಟಿ ಗಡಿ ಕಳೆದೊಡನೆ ಸಿಗುವ ತಮಿಳುನಾಡಿನ ಮೊದಲ ಊರು ಜೂಜುವಾಡಿ. ಬೆಳಿಗ್ಗೆ ಹೆದ್ದಾರಿ ಪಕ್ಕ ನಿಂತರೆ ಎರಡೂ ದಿಕ್ಕಿಗೆ ಬೈಕುಗಳ ಸಾಲು ಕಾಣುತ್ತದೆ. ಒಂದು ಸಾಲು ಹೊಸೂರು ಸಿಪ್ಕಾಟ್‌ನ ಕಾರ್ಖಾನೆಗಳಿಗೆ, ಇನ್ನೊಂದು ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆಗೆ. ಇಲ್ಲಿ ಬೈಕ್ ಎಂದರೆ ಬರೀ ಶೋಕಿಯಲ್ಲ, ದಿನದ ದುಡಿಮೆಗೆ ಹೋಗುವ ದಾರಿ.

ಇದೇ ಹೊಸೂರಿನಲ್ಲಿ ಮುಖ್ಯ ಕಾರ್ಖಾನೆ ಇಟ್ಟುಕೊಂಡಿರುವ ಟಿವಿಎಸ್ ಕಂಪನಿ 2022ರ ಜುಲೈನಲ್ಲಿ 'ರೋನಿನ್' ಎಂಬ ಬೈಕನ್ನು ಗೋವಾದಲ್ಲಿ ಬಿಡುಗಡೆ ಮಾಡಿತು. ದುಂಡು ಹೆಡ್‌ಲೈಟ್, ಉಬ್ಬಿದ ಟ್ಯಾಂಕ್, ನೆಟ್ಟಗೆ ಕೂರುವ ಸೀಟು. ನೋಡಲು ಹಳೇ ಕಾಲದ ಗತ್ತು, ಒಳಗೆ ಹೊಸ ಕಾಲದ ಯಂತ್ರ. ಬೈಕ್ ಪ್ರಿಯರು ಅಂದೇ ಎರಡು ಬಣವಾದರು. ಆ ವಾದ ಇನ್ನೂ ಪೂರ್ತಿ ಮುಗಿದಿಲ್ಲ. ಅದೇನೆಂದು ತಿಳಿದರೆ ಮುಂದೆ ಯಾವುದೇ 'ರೆಟ್ರೋ' ಬೈಕ್ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ.

ಇದು ಯಾವ ಪಂಗಡದ ಬೈಕು?

ಮೊದಲ ತಕರಾರು ಇದೇ. ಬೈಕ್ ಪ್ರಿಯರಿಗೆ ಪ್ರತಿ ಬೈಕಿಗೂ ಒಂದು ಪಂಗಡ ಬೇಕು. ಮುಂದಕ್ಕೆ ಬಾಗಿ ಕೂರುವುದು ಸ್ಪೋರ್ಟ್ಸ್, ಕಾಲು ಮುಂದೆ ಚಾಚಿ ಹಿಂದಕ್ಕೆ ಒರಗುವುದು ಕ್ರೂಸರ್, ಮಣ್ಣುದಾರಿಗೆ ಹೊಂದುವುದು ಸ್ಕ್ರ್ಯಾಂಬ್ಲರ್. ಇವು ಯಾವುದೂ ಅಲ್ಲದೆ ಬೆನ್ನು ನೆಟ್ಟಗಿಟ್ಟು ಸಲೀಸಾಗಿ ಓಡಿಸುವುದು ಸ್ಟ್ಯಾಂಡರ್ಡ್. ನಮ್ಮ ಅಪ್ಪಂದಿರು ಓಡಿಸಿದ ಬೈಕುಗಳೆಲ್ಲ ಹೆಚ್ಚುಕಮ್ಮಿ ಇದೇ ಪಂಗಡ.

ರೋನಿನ್‌ನಲ್ಲಿ ಎಲ್ಲದರ ತುಣುಕೂ ಇದೆ. ದಪ್ಪ ಗಾಡಿಯ ಟೈರು ಮಣ್ಣುದಾರಿಯದ್ದನ್ನು ಹೋಲುತ್ತದೆ, ಮುಂದಿನ ತಲೆಕೆಳಗಾದ ಶಾಕ್ ಅಬ್ಸಾರ್ಬರ್ ಸ್ಪೋರ್ಟ್ಸ್ ಬೈಕಿನಂತಿದೆ, ಹೆಡ್‌ಲೈಟ್ ಒಳಗೆ ಇಂಗ್ಲಿಷಿನ 'ಟಿ' ಅಕ್ಷರದ ಎಲ್‌ಇಡಿ ದೀಪ. ಜಪಾನಿನಲ್ಲಿ 'ರೋನಿನ್' ಎಂದರೆ ಯಜಮಾನನಿಲ್ಲದ ಸಮುರಾಯ್ ಯೋಧ. ಹೆಸರು ಸರಿಯಾಗಿದೆ, ಯಾರ ಗುಂಪಿಗೂ ಸೇರದ ಬೈಕು ಎಂದು ಒಂದು ಬಣ ಮೆಚ್ಚಿತು. ಕಲಸುಮೇಲೋಗರ ಎಂದು ಇನ್ನೊಂದು ಬಣ ಮೂಗು ಮುರಿಯಿತು.

ಡುಗು ಡುಗು ಎಲ್ಲಿ?

ಎರಡನೇ ತಕರಾರು ಸದ್ದಿನದು. ರೆಟ್ರೋ ಎಂದರೆ ನಮ್ಮವರ ಕಿವಿಗೆ ಬುಲೆಟ್ಟಿನ ಡುಗು ಡುಗು ಕೇಳಬೇಕು. ರೋನಿನ್ ಸದ್ದು ಮೆತ್ತಗಿದೆ. ಸ್ಟಾರ್ಟ್ ಒತ್ತಿದಾಗಲೂ ಕರಕರ ಎನ್ನದೆ ಸದ್ದಿಲ್ಲದೆ ಚಾಲೂ ಆಗುತ್ತದೆ. ಹಳೇ ಬೈಕಿನ ನೆನಪಿಗಾಗಿ ಬಂದವರಿಗೆ ಇದು ನಿರಾಸೆ. ಗೇರ್ ಕೂಡ ಆರಲ್ಲ, ಐದೇ.

ಆದರೆ ಹಳೇ ಬೈಕಿನ ಗುಣ ಸದ್ದಿನಲ್ಲಿದೆಯೋ ಎಳೆತದಲ್ಲಿದೆಯೋ? ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಲೆಕ್ಕ ಏನು ಹೇಳುತ್ತದೆ?

ಎಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಕೊಳವೆಯ ಅಗಲವೇ ಬೋರ್, ಅದು ಮೇಲೆ ಕೆಳಗೆ ಚಲಿಸುವ ದೂರವೇ ಸ್ಟ್ರೋಕ್. ಇದೇ ಕಂಪನಿಯ ಅಪಾಚೆ 200ರಲ್ಲಿ ಬೋರ್ 66 ಮಿ.ಮೀ., ಸ್ಟ್ರೋಕ್ 57.8 ಮಿ.ಮೀ. ರೋನಿನ್‌ನಲ್ಲಿ ಬೋರ್ ಅಷ್ಟೇ, ಸ್ಟ್ರೋಕ್ ಮಾತ್ರ 66 ಮಿ.ಮೀ.ಗೆ ಏರಿದೆ. ಹೀಗಾಗಿ 225.9 ಸಿಸಿ. ಸ್ಟ್ರೋಕ್ ಉದ್ದವಾದ ಎಂಜಿನ್ನನ್ನು ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಹೆಚ್ಚು ಎಳೆಯುವಂತೆ ಹೊಂದಿಸಿರುತ್ತಾರೆ. ಹಳೇ ಬೈಕುಗಳ ಗುಣವೂ ಅದೇ.

ಎಳೆಯುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಅಪಾಚೆ 200ರ ಪೂರ್ತಿ ಟಾರ್ಕ್ ಸಿಗುವುದು ಎಂಜಿನ್ ನಿಮಿಷಕ್ಕೆ 7 ಸಾವಿರ ಸುತ್ತು ದಾಟಿದ ಮೇಲೆ. ರೋನಿನ್‌ನಲ್ಲಿ 19.93 ಎನ್ಎಂ ಟಾರ್ಕ್ 3,750 ಸುತ್ತಿಗೇ ಸಿಗುತ್ತದೆ. ಅಂದರೆ ಅತ್ತಿಬೆಲೆ ಟೋಲ್ ಹತ್ತಿರದ ದಟ್ಟಣೆಯಲ್ಲಿ ಪದೇ ಪದೇ ಗೇರ್ ಇಳಿಸುವ ಕೆಲಸ ಕಡಿಮೆ. ಸದ್ದಿಲ್ಲ ಎಂದು ಬೈದವರು ಗಮನಿಸದೆ ಬಿಟ್ಟ ಹಳೇ ಗುಣ ಇದು.

ಇನ್ನು ಎದುರಾಳಿಯ ಲೆಕ್ಕ. ರೋನಿನ್ ಬಂದ ಮರುತಿಂಗಳೇ, 2022ರ ಆಗಸ್ಟ್‌ನಲ್ಲಿ, ರಾಯಲ್ ಎನ್‌ಫೀಲ್ಡ್ ಹಂಟರ್ 350 ಬಿಡುಗಡೆಯಾಯಿತು. ಇಬ್ಬರ ಆರಂಭಿಕ ಎಕ್ಸ್ ಶೋರೂಂ ಬೆಲೆಯೂ 1.49 ಲಕ್ಷ ರೂ. ಆಸುಪಾಸು. ವಾದಕ್ಕೆ ತುಪ್ಪ ಸುರಿದಂತಾಯಿತು. ಅದೇ ದುಡ್ಡಿಗೆ 350 ಸಿಸಿ ಸಿಗುವಾಗ 225 ಏಕೆ ಎಂಬ ಪ್ರಶ್ನೆ ಶುರುವಾಯಿತು.

ಎರಡರ ಗರಿಷ್ಠ ಶಕ್ತಿಯೂ ಒಂದೇ, ಸುಮಾರು 20.4 ಪಿಎಸ್. ಹಂಟರ್ ಅದನ್ನು 6,100 ಸುತ್ತಿಗೆ ಕೊಟ್ಟರೆ ರೋನಿನ್ 7,750 ಸುತ್ತಿಗೆ ಕೊಡುತ್ತದೆ. ಟಾರ್ಕ್‌ನಲ್ಲಿ ಹಂಟರ್ ಮುಂದೆ, 27 ಎನ್ಎಂ. ತೂಕದಲ್ಲಿ ರೋನಿನ್‌ಗೆ ಲಾಭ: ಹಂಟರ್ 181 ಕೆ.ಜಿ., ರೋನಿನ್ ಸುಮಾರು 160 ಕೆ.ಜಿ. ಈ 20 ಕೆ.ಜಿ. ವ್ಯತ್ಯಾಸ ಓಡುವಾಗ ಅಷ್ಟಾಗಿ ತಿಳಿಯದು. ಕಂಪನಿ ಶೆಡ್ಡಿನಲ್ಲಿ ಇಕ್ಕಟ್ಟಿಗೆ ನಿಲ್ಲಿಸುವಾಗ, ಪಂಕ್ಚರ್ ಆಗಿ ತಳ್ಳುವಾಗ ತಿಳಿಯುತ್ತದೆ.

ಸಿಸಿ ಮಾತ್ರ ನೋಡಿದವರು ಹಂಟರ್ ಗೆದ್ದಿತು ಎಂದರು, ಓಡಿಸಿ ನೋಡಿದ ಹಲವರು ಪೇಟೆಯೊಳಗೆ ರೋನಿನ್ ಸಲೀಸು ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಹೆದ್ದಾರಿಯಲ್ಲಿ ಕೃಷ್ಣಗಿರಿ ದಾಟಿ ದೂರ ಹೋಗುವವರಿಗೆ ಒಂದು ಎಚ್ಚರಿಕೆ. ಕಂಪನಿ ಹೇಳುವ ಗರಿಷ್ಠ ವೇಗವೇ ಗಂಟೆಗೆ 120 ಕಿ.ಮೀ. ನೂರರ ಮೇಲೆ ಎಂಜಿನ್ ಆಯಾಸಪಡುತ್ತದೆ ಎಂಬ ಮಾತು ಪರೀಕ್ಷೆ ಮಾಡಿದವರಿಂದಲೂ ಬಂದಿದೆ. ದೇನ್ಕಣಿಕೋಟೆ, ಅಂಚೆಟ್ಟಿ ಮೂಲಕ ಹೊಗೇನಕಲ್ ಕಡೆಗೆ ಇಳಿಯುವ ತಿರುವು ದಾರಿಗೆ ಹಗುರ ಬೈಕು ಹಿತ, ಉದ್ದದ ನೇರ ಹೆದ್ದಾರಿಗೆ ಅಷ್ಟಲ್ಲ.

ಮೈಸೂರಿನ ಪಾಠ

ಹಳೇ ರೂಪದ ಹೊಸ ಬೈಕಿನ ಮೇಲೆ ಅಭಿಮಾನಿಗಳು ಮುನಿಸಿಕೊಂಡದ್ದು ಇದೇ ಮೊದಲಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಬರುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಂತರವೂ ಹಳೇ ಗಾಡಿಗಳನ್ನು ಮಕ್ಕಳಂತೆ ಸಾಕಿದವರು ಮೈಸೂರು, ಬೆಂಗಳೂರಿನಲ್ಲಿ ನೂರಾರು ಜನ.

2018ರ ನವೆಂಬರ್‌ನಲ್ಲಿ ಜಾವಾ ಹೆಸರು ಮರಳಿ ಬಂದಾಗ ಅವರ ಸಂಭ್ರಮಕ್ಕೆ ಪಾರವಿರಲಿಲ್ಲ. ಬುಕಿಂಗ್ ಎಷ್ಟು ನುಗ್ಗಿತೆಂದರೆ ಡಿಸೆಂಬರ್‌ನಲ್ಲೇ ನಿಲ್ಲಿಸಬೇಕಾಯಿತು. ಜೋಡಿ ಸೈಲೆನ್ಸರ್ ಇತ್ತು, ಟ್ಯಾಂಕಿನ ಅಂದ ಅದೇ ಇತ್ತು. ಆದರೆ ಎಂಜಿನ್ 293 ಸಿಸಿಯ ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್‌ನ ಆ ಹಳೇ ಸದ್ದು ಮರಳಲಿಲ್ಲ, ಇಂದಿನ ಹೊಗೆ ನಿಯಮದಲ್ಲಿ ಅದು ಸುಲಭವೂ ಅಲ್ಲ. ತಯಾರಿಕೆ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಗಾಡಿಗಾಗಿ ತಿಂಗಳುಗಟ್ಟಲೆ ಕಾದು ಬೇಸತ್ತವರೂ ಇದ್ದರು. ನೆನಪನ್ನು ಮಾರಿದರೆ ನಿರೀಕ್ಷೆಯೂ ಅಷ್ಟೇ ದೊಡ್ಡದಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ರೋನಿನ್‌ಗೆ ಆ ಭಾರವಿಲ್ಲ. ಹೊಸೂರಿನಿಂದ 1980ರಲ್ಲಿ ಹೊರಟ ಟಿವಿಎಸ್ 50 ಒಂದು ಮೊಪೆಡ್. ಅದರ ಮುಂದೆ ಹಾಲಿನ ಕ್ಯಾನ್, ತರಕಾರಿ ಮೂಟೆ ನೆನಪಾದಾವೇ ಹೊರತು ಗತ್ತಿನ ಬೈಕು ನೆನಪಾಗದು. ಹಾಗಾಗಿ ಈ ಕಂಪನಿಗೆ ಹಳೇ ವೇಷ ಒಪ್ಪದು ಎಂದವರೂ ಉಂಟು. 2020ರಲ್ಲಿ ಬ್ರಿಟನ್ನಿನ ಹಳೇ ನಾರ್ಟನ್ ಕಂಪನಿಯನ್ನು ಟಿವಿಎಸ್ ಕೊಂಡಿತಾದರೂ ರೋನಿನ್‌ಗೆ ಆ ಹೆಸರಿನ ಆಸರೆ ಪಡೆಯಲಿಲ್ಲ.

ದುಡ್ಡಿನ ಮಾತು

ಟೀಕೆಗಳಲ್ಲಿ ಹೆಚ್ಚು ತೂಕವಿದ್ದದ್ದು ಬೆಲೆಯ ಬಗ್ಗೆ. ಆರಂಭದಲ್ಲಿ 1.49 ಲಕ್ಷದಿಂದ ಸುಮಾರು 1.7 ಲಕ್ಷ ರೂ.ವರೆಗೆ ಇತ್ತು, ಎರಡೂ ಚಕ್ರಕ್ಕೆ ಎಬಿಎಸ್ ಬೇಕೆಂದರೆ ದುಬಾರಿ ಮಾದರಿಯನ್ನೇ ಕೊಳ್ಳಬೇಕಿತ್ತು. 2024ರಲ್ಲಿ ಆರಂಭಿಕ ಬೆಲೆ 1.35 ಲಕ್ಷಕ್ಕೆ ಇಳಿಯಿತು. 2025ರ ಮಾದರಿಯಲ್ಲಿ ಮಧ್ಯದ ಬೆಲೆಯ ಬೈಕಿಗೂ ಎರಡೂ ಚಕ್ರದ ಎಬಿಎಸ್ ಬಂತು. ಟೀಕೆ ಮಾಡಿದವರು ಕೇಳಿದ್ದೂ ಇದನ್ನೇ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದದ್ದು ರೋನಿನ್, ಹಂಟರ್ ಎರಡಕ್ಕೂ ಅನುಕೂಲ. 1.35 ಲಕ್ಷದ ಗಾಡಿಗೆ ಲೆಕ್ಕ ಹಾಕಿದರೆ ಸುಮಾರು 10 ಸಾವಿರ ರೂ. ಉಳಿತಾಯ.

ಹಾಗಾದರೆ ಯಾರಿಗೆ?

ಸಿಪ್ಕಾಟ್‌ನಲ್ಲಿ ಶಿಫ್ಟ್ ಮಾಡುವ ಹುಡುಗನಿಗೆ ಇದು ಹಲವು ತಿಂಗಳ ಸಂಬಳ, ಎರಡು ಮೂರು ವರ್ಷದ ಕಂತು. ಕೊಂಡ ಮೇಲೆ ಅಭಿಮಾನಿಗಳ ವಾದ ಕಂತು ಕಟ್ಟುವುದಿಲ್ಲ. ಆದ್ದರಿಂದ ದೀಪದ ಆಕಾರ, ಸೈಲೆನ್ಸರ್ ಸದ್ದು ನೋಡುವ ಮೊದಲು ನಿಮ್ಮ ದಾರಿ ನೋಡಿಕೊಳ್ಳಿ. ದಿನವೂ ದಟ್ಟಣೆಯಲ್ಲಿ ಇಪ್ಪತ್ತು ಮೂವತ್ತು ಕಿ.ಮೀ. ಓಡಾಟವಾದರೆ ಹಗುರ ತೂಕ, ಕೆಳ ವೇಗದ ಎಳೆತ ಮುಖ್ಯ. ವಾರಕ್ಕೊಮ್ಮೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ದೊಡ್ಡ ಎಂಜಿನ್ನೇ ಮೇಲು. ಡುಗು ಡುಗು ಇಲ್ಲದೆ ನಿದ್ದೆ ಬಾರದು ಎನ್ನುವವರಿಗೆ ಬುಲೆಟ್ ಇದ್ದೇ ಇದೆ.

ಶೋರೂಮಿಗೆ ಹೋದಾಗ ಟೆಸ್ಟ್ ರೈಡ್ ಕೇಳಿ. ಮೂರನೇ ಗೇರಿನಲ್ಲಿ ನಿಧಾನವಾಗಿ ಒಂದು ಉಬ್ಬು ಹತ್ತಿಸಿ ನೋಡಿ. ಗೊಣಗದೆ ಎಳೆದರೆ ಹಳೇ ಬೈಕಿನ ಗುಣ ಅದರಲ್ಲಿ ಇದೆ ಎಂದರ್ಥ. ವೇಷದ ವಾದವನ್ನು ಆಮೇಲೆ ಚಹಾ ಅಂಗಡಿಯಲ್ಲಿ ಮಾಡಿದರಾಯಿತು.