ಬೆನ್ನು ನೆಲಕ್ಕೆ, ಕಣ್ಣು ಸೂರಿಗೆ

ತಿಪಟೂರು ಸೀಮೆಯವರಿಗೆ ತಲೆಯೆತ್ತಿ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಂಬಾಳೆ ಒಡೆದಿದೆಯೇ, ಕಾಯಿ ಬಲಿತಿದೆಯೇ, ಒಣಗಿದ ಗರಿ ಈಗಲೋ ಆಗಲೋ ನೆತ್ತಿಗೆ ಬೀಳುವಂತಿದೆಯೇ ಎಂದು ದಿನಕ್ಕೆ ಹತ್ತು ಸಲ ಕತ್ತು ಮೇಲಾಗುತ್ತದೆ. ಬಾಣಸಂದ್ರ ದಾಟಿ ಅರಳಗುಪ್ಪೆಗೆ ಬಂದರೂ ಅದೇ ತೋಟ, ಅದೇ ಸಾಲು, ಗರಿಗಳ ನಡುವೆ ಚೂರುಚೂರಾಗಿ ಕಾಣುವ ಅದೇ ಆಕಾಶ. ಆದರೆ ಈ ಊರಿನಲ್ಲಿ ತಲೆಯೆತ್ತಲು ಇನ್ನೊಂದು ಕಾರಣವಿದೆ. ಅದು ಕಲ್ಲೇಶ್ವರನ ಗುಡಿಯ ಒಳಗಿದೆ.

ಹೊರಗಿನಿಂದ ಸಾದಾ ಕಟ್ಟಡ. ಇದೇ ಊರಿನ ಚೆನ್ನಕೇಶವ ದೇವಾಲಯ 13ನೇ ಶತಮಾನದ್ದು. ಶಿಲ್ಪಿ ಹೊನ್ನೋಜನ ಹೆಸರು ಹೊತ್ತ ಆ ಹೊಯ್ಸಳ ಗುಡಿಯ ಗೋಡೆಗಳು ಬಂದವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತವೆ. ಕಲ್ಲೇಶ್ವರ ಅದಕ್ಕಿಂತ ಸುಮಾರು ಮೂರೂವರೆ ಶತಮಾನ ಹಿರಿಯ, ಗಂಗ–ನೊಳಂಬರ ಕಾಲದವನು, ಮಾತು ಕಡಿಮೆ. ಬಾಗಿಲು ದಾಟಿದರೆ ತಂಪು, ಎಣ್ಣೆಯ ಕಮಟು, ಕತ್ತಲೆ. ಬಿಸಿಲಲ್ಲಿ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕತ್ತಲೆಯೊಳಗಿಂದ ಒಂದು ಎತ್ತಿದ ಕಾಲು ಮೂಡುತ್ತದೆ. ಬಳುಕಿದ ಸೊಂಟ, ಚಾಚಿದ ಕೈ, ಪಕ್ಕದಲ್ಲಿ ವಾದ್ಯದವರು. ಕುಣಿಯುತ್ತಿರುವ ಶಿವ. ಅವನ ಸುತ್ತ ಎಂಟು ಅಂಕಣ, ಒಂದೊಂದರಲ್ಲೂ ವಾಹನವೇರಿದ ಒಬ್ಬೊಬ್ಬ ದೇವತೆ.

ಕಾಯಿ ಸುಲಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಒಳಗೆ ಬಂದ ಹಿರಿಯರೊಬ್ಬರು ನನ್ನ ಪಾಡು ನೋಡಿ ನಕ್ಕರು. “ಹಂಗ್ ನಿಂತ್ಕಂಡು ನೋಡುದ್ರೆ ಕತ್ತು ಹಿಡ್ಕಳುತ್ತೆ ಸಾಮಿ. ಟವಲ್ ಹಾಸ್ಕಂಡು ಮಲೀಕಳಿ, ಪೂರಾ ಕಾಣುತ್ತೆ.”

ಮಲಗಿದೆ. ಬೆನ್ನಿಗೆ ಕಲ್ಲಿನ ತಣ್ಣನೆ. ಈಗ ಆನೆ ಕಂಡಿತು, ಅದರ ಮೇಲೆ ಇಂದ್ರ. ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ, ಮಕರದ ಮೇಲೆ ವರುಣ, ಜಿಂಕೆಯ ಮೇಲೆ ವಾಯು, ಎತ್ತಿನ ಮೇಲೆ ಈಶಾನ. ಟಗರು, ಎತ್ತು, ಮಕರ! ಮನಸ್ಸು ತಟ್ಟನೆ ಎಣಿಸಿತು: ಮೇಷ, ವೃಷಭ, ಮಕರ. ಇದು ರಾಶಿಚಕ್ರ ಇರಬಹುದೇ?

ಹಾಗೆ ಅನ್ನಿಸಲು ಈಜಿಪ್ಟಿನ ಇನ್ನೊಂದು ಸೂರು ನೆನಪಿಗೆ ಬಂದದ್ದೂ ಕಾರಣ. ನೈಲ್ ನದಿ ದಂಡೆಯ ಡೆಂಡೆರಾದಲ್ಲಿ ಹಾಥೋರ್ ದೇವಿಯ ಗುಡಿಯಿದೆ. ಅಲ್ಲಿನ ಒಂದು ಸೂರಿನಲ್ಲಿ ವೃತ್ತಾಕಾರದ ಆಕಾಶವನ್ನು ನಿಂತ ನಾಲ್ವರು ಸ್ತ್ರೀಯರೂ ಮಂಡಿಯೂರಿದ ಎಂಟು ಗಿಡುಗಮುಖದವರೂ ಎತ್ತಿ ಹಿಡಿದಿದ್ದಾರೆ. ಒಳಗೆ ಟಗರು, ಗೂಳಿ, ಏಡಿ, ಚೇಳು, ಮೀನುಬಾಲದ ಆಡು. ನಾವು ಸಪ್ತರ್ಷಿಗಳೆನ್ನುವ ಗುಂಪು ಅಲ್ಲಿ ಗೂಳಿಯ ಮುಂಗಾಲು. 1821ರಲ್ಲಿ ಲೆಲೊರೇನ್ ಎಂಬಾತ ಅದನ್ನು ಗರಗಸ, ಸಿಡಿಮದ್ದು ಹಾಕಿ ಕಿತ್ತು ಫ್ರಾನ್ಸಿಗೆ ಸಾಗಿಸಿದ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ನಕ್ಷತ್ರಗಳನ್ನು ಲೆಕ್ಕ ಹಾಕಿ ಕೆಲವು ಪಂಡಿತರು ಅದಕ್ಕೆ ಸಾವಿರಾರು ವರ್ಷ ಹೆಚ್ಚಿಗೆ ವಯಸ್ಸು ಕಟ್ಟಿದ್ದರು. ಲಿಪಿತಜ್ಞ ಶಾಂಪೋಲಿಯೋ ಆ ಗುಡಿಯ ಚಿತ್ರಲಿಪಿಯನ್ನು ಓದಿದ ಮೇಲೆ ಲೆಕ್ಕ ಕುಸಿಯಿತು. ಕ್ರಿಸ್ತಪೂರ್ವ 50ರ ಆಸುಪಾಸಿನದು ಎಂಬುದು ಇಂದಿನ ವಿದ್ವಾಂಸರ ಮಾತು. ಆಕಾಶ ಅಲ್ಲಿ ನಿಜವಾಗಿಯೂ ಇತ್ತು. ಓದಿದವರ ಆತುರ ಅದಕ್ಕೆ ಮುಪ್ಪು ತಂದಿತ್ತು.

ಈ ಸೀಮೆಯಲ್ಲಿ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಗುಳುಗುಳು ಎಂದರೆ ಇನ್ನೂ ನೀರಿದೆ, ಗಡಗಡ ಎಂದರೆ ಉಂಡೆ ಬಿಟ್ಟುಕೊಂಡಿದೆ. ನನ್ನ ರಾಶಿಚಕ್ರವನ್ನೂ ಹಾಗೆ ಅಲುಗಿಸಿದೆ. ಏಡಿ ಇಲ್ಲ, ಚೇಳಿಲ್ಲ, ತಕ್ಕಡಿ ಇಲ್ಲ. ರಾಶಿಗಳಲ್ಲಿ ಮೇಷದ ಮಗ್ಗುಲಿಗೇ ವೃಷಭ. ಇಲ್ಲಿ ಆಗ್ನೇಯದ ಟಗರಿಗೂ ಈಶಾನ್ಯದ ಎತ್ತಿಗೂ ನಡುವೆ ಇಂದ್ರನ ಆನೆ ನಿಂತಿದೆ. ಒಳಗೆ ನೀರು ಗುಳುಗುಳು ಅಂದಿತು. ರಾಶಿಗಳನ್ನು ಹೆಸರಿಟ್ಟು ಕಂಬಕ್ಕೊಂದರಂತೆ ನಿಲ್ಲಿಸಿರುವುದು ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ. ಇಲ್ಲಿರುವುದು ದಿಕ್ಕುಗಳು.

ದಿಕ್ಕೆಂದರೆ ಕಡಿಮೆಯೇನಲ್ಲ. ಸೂರ್ಯ ಹುಟ್ಟುವ ಕಡೆ ಗೊತ್ತಾಗದೆ ದಿಕ್ಕಿಲ್ಲ. ದಿಕ್ಪಾಲಕರನ್ನು ಅವರವರ ದಿಕ್ಕಿನಲ್ಲೇ ಕೂರಿಸುವುದು ಶಿಲ್ಪಿಗಳ ರೂಢಿ. ಉತ್ತರಕ್ಕೆ ತಲೆಯಿಟ್ಟು ಅಂಗಾತ ಮಲಗಿದರೆ ಪೂರ್ವ ಎಡಕ್ಕೆ ಬರುತ್ತದೆ. ಮೇಜಿನ ಮೇಲೆ ಹರಡಿದ ಭೂಪಟದಲ್ಲಿ ಅದು ಬಲಕ್ಕಿರುತ್ತದೆ. ಸೂರಿನ ಫೋಟೊ ತೆಗೆದು ಪುಸ್ತಕದ ನಕ್ಷೆಯ ಜೊತೆ ಇಟ್ಟವರಿಗೆ ಶಿಲ್ಪಿ ತಪ್ಪಿದನೆಂದು ತೋರುವುದು ಇದರಿಂದಲೇ. ನಕ್ಷತ್ರಪಟವನ್ನೂ ಹೀಗೆಯೇ ಅಚ್ಚು ಹಾಕುತ್ತಾರೆ, ಪೂರ್ವ ಎಡಕ್ಕೆ. ಅದನ್ನು ತಲೆಯ ಮೇಲೆ ಹಿಡಿದೇ ನೋಡಬೇಕು. ಅರಳಗುಪ್ಪೆಯ ಶಿಲ್ಪಿ ರಾಶಿಯನ್ನು ಕೆತ್ತಲಿಲ್ಲ, ಆದರೆ ನೋಡುವವನನ್ನು ಆಕಾಶದ ಕೆಳಗೆ ನಿಲ್ಲುವಂತೆ ನಿಲ್ಲಿಸಿದ.

ಆತುರದ ಓದು ಸೂರಿಗಷ್ಟೇ ಅಲ್ಲ, ಶಾಸನಕ್ಕೂ ತಪ್ಪಿಲ್ಲ. ನಾಡಿನ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರು ಜೋಡಿಯಾಗಿರುತ್ತಾರೆ. ಅವರನ್ನು ಕಂಡು ಗ್ರಹಣ ಎನ್ನುವವರಿದ್ದಾರೆ. ಅದು ಅಕ್ಷರ ಬಾರದವನಿಗೂ ತಿಳಿಯುವ ಕರಾರು: ಅವರಿರುವ ತನಕ ಈ ದತ್ತಿ ನಡೆಯಲಿ. ಗ್ರಹಣವಿದ್ದರೆ ಕೆಳಗಿನ ಸಾಲುಗಳಲ್ಲಿ, ತಿಥಿ ವಾರಗಳ ಜೊತೆ, ಬರೆದೇ ಇರುತ್ತದೆ. ಗ್ರಹಣದ ಹೊತ್ತಿನಲ್ಲಿ, ಸಂಕ್ರಮಣದ ಹೊತ್ತಿನಲ್ಲಿ ಭೂಮಿ ಬಿಡುವುದು ಪುಣ್ಯವೆಂದಿತ್ತಲ್ಲ! ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಇಂಥ ಸಾಲುಗಳನ್ನು ಹುಡುಕಿ, ಕಲ್ಲಿನಲ್ಲಿ ಉಳಿದ ಆಕಾಶದ ಚರಿತ್ರೆಯನ್ನು 2016ರಲ್ಲಿ ಪುಸ್ತಕವಾಗಿಸಿದರು.

ಧೂಳು ಕೊಡವಿಕೊಂಡು ಎದ್ದೆ. “ಏನ್ ಸಿಕ್ತು?” ಎಂದರು ಹಿರಿಯರು. ರಾಶಿಚಕ್ರ ಅಂದುಕೊಂಡಿದ್ದೆ, ಅಲ್ಲ ಯಜಮಾನ್ರೇ ಎಂದೆ.

“ನಮ್ಗೆ ರಾಶಿ ತಿಳೀದು, ಮಳೆ ತಿಳೀತದೆ. ರೋಹಿಣಿ ಕೈ ಕೊಡ್ತು. ಮೃಗಶಿರ ಬರೀ ತುಂತುರು. ನಾಡಿದ್ದು ಆರಿದ್ರೆ ಹುಟ್ಟುತ್ತೆ, ಅದೊಂದು ಹುಯ್ದ್ರೆ ತೋಟ ಉಳ್ಕಳುತ್ತೆ.”

ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ತಂಗುತ್ತಾನೆ; ಮಳೆಗೆ ಆ ನಕ್ಷತ್ರದ ಹೆಸರು. ಆರಿದ್ರೆ ಮಳೆಯ ದಿನಗಳಲ್ಲಿ ಆರಿದ್ರೆ ಕಣ್ಣಿಗೆ ಕಾಣುವುದಿಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಕಾಣದ ನಕ್ಷತ್ರವನ್ನು ಹಿಡಿದು ಈ ರೈತರು ತಲೆಮಾರುಗಳಿಂದ ದಿನ ಎಣಿಸಿದ್ದಾರೆ.

ಹಿರಿಯರು ಹೊರಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡಿದರು. ಒಳಗೆ ವರುಣ ಮಕರವೇರಿರುವ ಕಡೆಯೇ ಅದು. ಗರಿಗಳ ಸಂದಿಯಲ್ಲಿ ಒಂದು ಮೋಡ ಕಪ್ಪಾಗುತ್ತಿತ್ತು.