ಚಾಲಕ ನರಕೋಶ ರೋಗ ಮತ್ತು ಸಂಶೋಧನೆಯ ದಾಸೋಹ

ಕಳೆದ ತಿಂಗಳು ಶ್ರೀಮಠದ ದರ್ಶನಕ್ಕೆ ಬಂದಿದ್ದ ಭಕ್ತರೊಬ್ಬರು ದಾಸೋಹ ಮಂಟಪದ ಬಳಿ ನಮ್ಮನ್ನು ಕಂಡು, ಕೈಚೀಲದಿಂದ ಬ್ಯಾಂಕಿನ ಪುಸ್ತಕವೊಂದನ್ನು ಹೊರತೆಗೆದರು. ಅವರ ತಂದೆಯವರು ಲಿಂಗೈಕ್ಯರಾಗಿ ಎರಡು ವರ್ಷಗಳಾದವು. ಅವರ ಸ್ಮರಣೆಗಾಗಿ ಮಕ್ಕಳೆಲ್ಲ ಸೇರಿ ಐದು ಲಕ್ಷ ರೂಪಾಯಿ ಕೂಡಿಸಿಟ್ಟಿದ್ದಾರೆ. “ಅನ್ನದಾಸೋಹಕ್ಕೆ ಆಗಲೇ ಸಲ್ಲಿಸಿದ್ದೇವೆ. ಈ ಹಣ ಮಾತ್ರ ಅಪ್ಪನನ್ನು ಒಯ್ದ ರೋಗದ ಮೇಲೆಯೇ ಖರ್ಚಾಗಬೇಕು. ಯಾರಿಗೆ ಕೊಡಬೇಕು, ಹೇಳಿ” ಎಂದರು. ನಿಂತ ನಿಲುವಿನಲ್ಲಿ ಉತ್ತರಿಸಲು ನಮ್ಮಿಂದಾಗಲಿಲ್ಲ. ಅವರಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಆ ಹಿರಿಯರು ನಮ್ಮ ರೋಗಿಗಳೇ ಆಗಿದ್ದರು. ಒಕ್ಕಲುತನದ ಗಟ್ಟಿ ಶರೀರ. ಮೊದಲು ಬಂದಾಗ ಅವರು ಹೇಳಿದ್ದು ಒಂದೇ ಮಾತು: ಬಲಗೈಯಿಂದ ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ, ಕುಡುಗೋಲಿನ ಹಿಡಿತ ಜಾರುತ್ತಿದೆ. ನೋವಿಲ್ಲ, ಜೋಮಿಲ್ಲ. ನಾವು ವಾತವ್ಯಾಧಿಯೆಂದು ಭಾವಿಸಿ ಅಭ್ಯಂಗ, ಸ್ವೇದನ, ಬಸ್ತಿಗಳನ್ನು ನಾಲ್ಕು ತಿಂಗಳು ನಡೆಸಿದೆವು. ಒಂದು ಮುಂಜಾನೆ ಎಣ್ಣೆ ಹಚ್ಚುವಾಗ ತೋಳಿನ ಚರ್ಮದಡಿ ಸ್ನಾಯುಗಳು ತಮ್ಮಷ್ಟಕ್ಕೆ ಮಿಡುಕುತ್ತಿದ್ದುದು ಕಣ್ಣಿಗೆ ಬಿತ್ತು. ಅಂದೇ ನರರೋಗ ತಜ್ಞರಲ್ಲಿಗೆ ಕಳುಹಿಸಿದೆವು. ನಾಲ್ಕು ತಿಂಗಳ ಹಿಂದೆಯೇ ಕಳುಹಿಸಬೇಕಾಗಿತ್ತು. ಆ ವಿಳಂಬ ನಮ್ಮದು.

ಮಿದುಳಿನ ಆಜ್ಞೆಯು ಸ್ನಾಯುವಿಗೆ ತಲುಪುವುದು ಎರಡು ಹಂತಗಳಲ್ಲಿ. ಮಿದುಳಿನ ಹೊರಪದರದ ನರಕೋಶವು ಅದನ್ನು ಬೆನ್ನುಹುರಿಗೆ ಇಳಿಸುತ್ತದೆ. ಅಲ್ಲಿರುವ ಇನ್ನೊಂದು ನರಕೋಶವು ಸ್ನಾಯುವಿಗೆ ಮುಟ್ಟಿಸುತ್ತದೆ. ಬೆನ್ನುಹುರಿಯ ಕೆಳತುದಿಯ ಒಂದೇ ಒಂದು ಕೋಶದ ಎಳೆಯು ಪಾದದವರೆಗೆ ಸುಮಾರು ಒಂದು ಮೀಟರ್ ಉದ್ದ ಸಾಗುತ್ತದೆಂದರೆ ಈ ಕೋಶಗಳ ಶ್ರಮವನ್ನು ಊಹಿಸಿಕೊಳ್ಳಬಹುದು. ಈ ಚಾಲಕ ನರಕೋಶಗಳು ಒಂದೊಂದಾಗಿ ನಶಿಸುವುದೇ ಈ ರೋಗ. ಇದರ ಅತಿ ಸಾಮಾನ್ಯ ರೂಪವಾದ ಎ.ಎಲ್.ಎಸ್. ಅನ್ನು ಪ್ಯಾರಿಸ್ಸಿನ ವೈದ್ಯ ಜ್ಯಾನ್ ಮಾರ್ಟಿನ್ ಶಾರ್ಕೋ ೧೮೬೯ರಲ್ಲಿ ವಿವರಿಸಿದರು. ಕೈಕಾಲು ಸೊರಗುತ್ತವೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಸ್ಪರ್ಶ, ದೃಷ್ಟಿ, ಶ್ರವಣಗಳು ಉಳಿಯುತ್ತವೆ. ಕೆಲವರಲ್ಲಿ ಆಲೋಚನೆ, ನಡವಳಿಕೆಗಳು ಬದಲಾಗುವುದುಂಟು. ಹಲವರಲ್ಲಿ ಅರಿವು ಕೊನೆಯವರೆಗೂ ಸ್ವಚ್ಛವಾಗಿರುತ್ತದೆ. ಹೆಚ್ಚಿನವರು ಲಕ್ಷಣ ಕಾಣಿಸಿದ ಎರಡರಿಂದ ಐದು ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. ೧೯೬೩ರಲ್ಲಿ ರೋಗ ಪತ್ತೆಯಾಗಿ ೨೦೧೮ರವರೆಗೆ ಬದುಕಿದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅಪರೂಪದ ಅಪವಾದ.

ನಮ್ಮ ಪದ್ಧತಿಯ ಮಾತನ್ನು ಮರೆಮಾಚದೆ ಹೇಳಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿ, ವೈದ್ಯನು ಇದನ್ನು ಅರಿತೇ ಚಿಕಿತ್ಸೆಗೆ ಕೈಹಾಕಬೇಕೆಂದು ವಿಧಿಸುತ್ತದೆ. ಈ ರೋಗವನ್ನು ಗುಣಪಡಿಸುವ ಔಷಧ ಆಯುರ್ವೇದದಲ್ಲಿಲ್ಲ. ಮೃದುವಾದ ಅಭ್ಯಂಗದಿಂದ ಬಿಗಿತ, ಸ್ನಾಯುಸೆಳೆತಗಳು ಒಂದಿಷ್ಟು ಸಡಿಲಗೊಳ್ಳಬಹುದು, ರೋಗಿಗೆ ನೆಮ್ಮದಿಯಾಗಬಹುದು. ಅದಕ್ಕಿಂತ ಹೆಚ್ಚಿನದನ್ನು ಭರವಸೆ ಕೊಡುವವರು ನಮ್ಮ ಸಹೋದ್ಯೋಗಿಗಳೇ ಆಗಿದ್ದರೂ ನಂಬಬೇಡಿ. ಆಧುನಿಕ ವೈದ್ಯದ ಕೈಯಲ್ಲೂ ಹೆಚ್ಚೇನಿಲ್ಲ. ೧೯೯೫ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ರಿಲುಜೋಲ್ ಮಾತ್ರೆ ಪರೀಕ್ಷೆಗಳಲ್ಲಿ ಆಯುಷ್ಯವನ್ನು ಎರಡು ಮೂರು ತಿಂಗಳು ವಿಸ್ತರಿಸಿತು. ಅದನ್ನು ಸೇವಿಸುವವರ ಯಕೃತ್ತನ್ನು ಪರೀಕ್ಷಿಸುತ್ತಿರಬೇಕಾದುದರಿಂದ, ಭಸ್ಮ-ಕಷಾಯಗಳನ್ನು ಗುಟ್ಟಾಗಿ ಜೊತೆಗೂಡಿಸುವುದು ಸಲ್ಲದು. ರಾತ್ರಿ ಮುಖಕ್ಕೆ ಹಾಕುವ ಉಸಿರಾಟದ ಯಂತ್ರವು ನುಂಗುವ ಶಕ್ತಿ ತೀರ ಕುಂದದವರಲ್ಲಿ ಈ ಮಾತ್ರೆಗಿಂತ ಹೆಚ್ಚು ಕಾಲವನ್ನು ಕೊಟ್ಟಿದೆ.

ಇಷ್ಟು ನಿಧಾನವೇಕೆ? ಒಂದು ಉದಾಹರಣೆ ಸಾಕು. ವಂಶದಲ್ಲಿ ಬರುವ ಎ.ಎಲ್.ಎಸ್.ಗೆ ಕಾರಣವಾದ ಎಸ್‌ಒಡಿ೧ ಎಂಬ ಜೀನ್‌ನ ದೋಷ ೧೯೯೩ರಲ್ಲಿ ಪತ್ತೆಯಾಯಿತು. ಆ ದೋಷವನ್ನೇ ಗುರಿಯಾಗಿಸಿದ ಟೋಫರ್ಸೆನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮೋದನೆ ದೊರೆತದ್ದು ೨೦೨೩ರಲ್ಲಿ. ನಡುವೆ ಮೂವತ್ತು ವರ್ಷ! ಅದೂ ನೂರು ಎ.ಎಲ್.ಎಸ್. ರೋಗಿಗಳಲ್ಲಿ ಸುಮಾರು ಇಬ್ಬರಿಗೆ ಮಾತ್ರ ಅನ್ವಯಿಸುವ ಔಷಧ. ಆ ಮೂವತ್ತು ವರ್ಷಗಳಲ್ಲಿ ಇಲಿಗಳನ್ನು ಸಾಕಿದವರು, ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದವರು, ಸಾವಿರಾರು ಪಟ್ಟಿಗಳನ್ನು ತುಲನೆ ಮಾಡಿದವರು ಯಾರು? ಬಹುಪಾಲು ಇಪ್ಪತ್ತೈದರ ಆಸುಪಾಸಿನ ಪಿಎಚ್.ಡಿ. ವಿದ್ಯಾರ್ಥಿಗಳು. ಪ್ರಾಧ್ಯಾಪಕರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಪ್ರಯೋಗಾಲಯದ ಕಾಯಕ ನಡೆಯುವುದು ಈ ಮಕ್ಕಳಿಂದ. ಅವರ ಊಟ, ವಸತಿ, ರಾಸಾಯನಿಕಗಳಿಗೆ ಹಣ ಕೊಡುವವರು ಯಾರೆಂಬುದರ ಮೇಲೆ ಅವರು ಯಾವ ರೋಗವನ್ನು ಕುರಿತು ದುಡಿಯುತ್ತಾರೆ ಎಂಬುದು ನಿರ್ಧಾರವಾಗುತ್ತದೆ.

ಜನಸಾಮಾನ್ಯರ ಹಣ ಇಂಥ ವಿದ್ಯಾರ್ಥಿಯವರೆಗೆ ತಲುಪುವ ಬಗೆಯನ್ನು ಬ್ರಿಟನ್ನಿನಲ್ಲಿ ನಿಚ್ಚಳವಾಗಿ ಕಾಣಬಹುದು. ಅಲ್ಲಿ ೧೯೭೯ರಲ್ಲಿ ಮೋಟಾರ್ ನ್ಯೂರಾನ್ ಡಿಸೀಸ್ ಅಸೋಸಿಯೇಷನ್ ಎಂಬ ಸೇವಾಸಂಸ್ಥೆ ಸ್ಥಾಪನೆಯಾಯಿತು; ಸ್ಕಾಟ್ಲೆಂಡಿಗೆ ಎಂಎನ್‌ಡಿ ಸ್ಕಾಟ್ಲೆಂಡ್ ಎಂಬ ಪ್ರತ್ಯೇಕ ಸಂಸ್ಥೆಯಿದೆ. ರೋಗಿಗಳ ಕುಟುಂಬಗಳು ಓಟ, ಸಂತೆ, ಉಯಿಲುಗಳ ಮೂಲಕ ಕೂಡಿಸಿದ ಹಣವೇ ಇವುಗಳ ಆಧಾರ. ಈ ಹಣದ ಒಂದು ಪಾಲನ್ನು ಅವು ಪಿಎಚ್.ಡಿ. ಸ್ಥಾನಗಳಿಗೆ ಮೀಸಲಿಡುತ್ತವೆ. ಕ್ರಮವನ್ನು ಗಮನಿಸಿ: ಅರ್ಜಿ ಹಾಕುವವರು ವಿದ್ಯಾರ್ಥಿಯಲ್ಲ, ಮಾರ್ಗದರ್ಶಕರು. ಈ ರೋಗದ ಇಂಥ ಪ್ರಶ್ನೆಯನ್ನು ಹೀಗೆ ಪರಿಶೀಲಿಸುತ್ತೇವೆ ಎಂದು ಅವರು ಬರೆದುಕೊಡಬೇಕು. ಹೊರಗಿನ ತಜ್ಞರು ಅದನ್ನು ತೂಗುತ್ತಾರೆ. ಮಂಜೂರಾದ ಮೇಲೆ ವಿದ್ಯಾರ್ಥಿಯ ಆಯ್ಕೆ ನಡೆಯುತ್ತದೆ. ಮೂರು ನಾಲ್ಕು ವರ್ಷಗಳ ಶಿಷ್ಯವೇತನ, ವಿಶ್ವವಿದ್ಯಾಲಯದ ಶುಲ್ಕ, ಪ್ರಯೋಗದ ವೆಚ್ಚಗಳೆಲ್ಲ ಆ ಸ್ಥಾನಕ್ಕೆ ಕಟ್ಟಿಕೊಂಡೇ ಬರುತ್ತವೆ. ಹಣವು ರೋಗದ ಹೆಸರಿಗೆ ಬಿಗಿದಿರುವುದರಿಂದ ಆ ವಿದ್ಯಾರ್ಥಿ ಬೇರೆ ವಿಷಯಕ್ಕೆ ಸರಿಯುವಂತಿಲ್ಲ. ಮುಂದೆ ಅವರಲ್ಲಿ ಕೆಲವರು ಅದೇ ರೋಗದಲ್ಲಿ ನೆಲೆನಿಂತು ತಾವೇ ಮಾರ್ಗದರ್ಶಕರಾಗುತ್ತಾರೆ.

ಅಲ್ಲಿನ ಜನರನ್ನು ಎಬ್ಬಿಸಿದವರು ರೋಗಿಗಳೇ. ರಗ್ಬಿ ಆಟಗಾರ ಡಾಡಿ ವೀರ್ ೨೦೧೭ರಲ್ಲಿ ತಮ್ಮ ರೋಗವನ್ನು ಬಹಿರಂಗಪಡಿಸಿ ಅದೇ ವರ್ಷ ಸಂಶೋಧನೆಗೆಂದು ಪ್ರತಿಷ್ಠಾನ ಸ್ಥಾಪಿಸಿದರು, ೨೦೨೨ರಲ್ಲಿ ತೀರಿಕೊಂಡರು. ಮತ್ತೊಬ್ಬ ಆಟಗಾರ ರಾಬ್ ಬರೋ ಅವರಿಗೆ ರೋಗ ತಗುಲಿದಾಗ ಜೊತೆಗಾರ ಕೆವಿನ್ ಸಿನ್‌ಫೀಲ್ಡ್ ೨೦೨೦ರ ಡಿಸೆಂಬರಿನಲ್ಲಿ ಏಳು ದಿನಗಳಲ್ಲಿ ಏಳು ಮ್ಯಾರಥಾನ್ ಓಡಿ ಹಣ ಕೂಡಿಸಿದರು. ಈ ಒತ್ತಾಯದ ಫಲವಾಗಿ ೨೦೨೧ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಈ ರೋಗದ ಸಂಶೋಧನೆಗೆ ಐದು ಕೋಟಿ ಪೌಂಡುಗಳನ್ನು ಘೋಷಿಸಿತು. ಅಮೆರಿಕದಲ್ಲಿ ೨೦೧೪ರಲ್ಲಿ ತಲೆಯ ಮೇಲೆ ಹಿಮದ ನೀರು ಸುರಿದುಕೊಳ್ಳುವ ಅಭಿಯಾನದಿಂದ ಅಲ್ಲಿನ ಎ.ಎಲ್.ಎಸ್. ಸಂಘವೊಂದಕ್ಕೇ ಹನ್ನೊಂದೂವರೆ ಕೋಟಿ ಡಾಲರ್ ಬಂತು. ಆಗ ನಮ್ಮೂರಿನ ಹುಡುಗರೂ ಬಿಂದಿಗೆಗಟ್ಟಲೆ ನೀರು ಸುರಿದುಕೊಂಡು ಚಿತ್ರ ತೆಗೆಸಿಕೊಂಡರು. ಯಾವ ರೋಗಕ್ಕಾಗಿ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ದೇಶದ ಏರ್ಪಾಡು ಬೇರೆ. ಇಲ್ಲಿ ಹಣವು ರೋಗವನ್ನಲ್ಲ, ವಿದ್ಯಾರ್ಥಿಯನ್ನು ಹಿಂಬಾಲಿಸುತ್ತದೆ. ಸಿಎಸ್‌ಐಆರ್, ಯುಜಿಸಿ, ಐಸಿಎಂಆರ್, ಜೈವಿಕ ತಂತ್ರಜ್ಞಾನ ಇಲಾಖೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಶಿಷ್ಯವೇತನ ದೊರೆಯುತ್ತದೆ. ಅದನ್ನು ಹಿಡಿದು ಅವರು ತಮಗೆ ಒಪ್ಪಿದ ಪ್ರಯೋಗಾಲಯ ಸೇರುತ್ತಾರೆ. ೨೦೨೩ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಬಳಿಕ ೪೨,೦೦೦ ರೂಪಾಯಿ. ಐದು ವರ್ಷಗಳ ಲೆಕ್ಕ ಹಾಕಿದರೆ ಮನೆಬಾಡಿಗೆ ಭತ್ಯೆ, ಪ್ರಯೋಗದ ವೆಚ್ಚ ಬಿಟ್ಟು ಸರಿಯಾಗಿ ೨೪ ಲಕ್ಷ ರೂಪಾಯಿ. ಒಳ್ಳೆಯ ವ್ಯವಸ್ಥೆಯೇ. ಆದರೆ ವಿದ್ಯಾರ್ಥಿಯು ಸಹಜವಾಗಿ ಹೆಚ್ಚು ಪ್ರಯೋಗಾಲಯಗಳಿರುವ, ಹೆಚ್ಚು ಉದ್ಯೋಗವಿರುವ ವಿಷಯದ ಕಡೆಗೆ ಹೋಗುತ್ತಾನೆ. ಅಪರೂಪದ ರೋಗಕ್ಕೆಂದೇ ಕಟ್ಟಿಟ್ಟ ಪಿಎಚ್.ಡಿ. ಸ್ಥಾನಗಳು ನಮ್ಮಲ್ಲಿ ವಿರಳ. ಖಾಸಗಿ ದಾನ ಇಲ್ಲಿ ಕೆಲಸ ಮಾಡುವುದಿಲ್ಲವೆಂದಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕ್ರಿಸ್ ಗೋಪಾಲಕೃಷ್ಣನ್ ಅವರ ಕುಟುಂಬದ ಪ್ರತೀಕ್ಷಾ ಟ್ರಸ್ಟಿನ ನೆರವಿನಿಂದ ಎದ್ದು ನಿಂತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ವರ್ಷಗಳುದ್ದಕ್ಕೂ ಪರೀಕ್ಷಿಸುತ್ತ ಮರೆವಿನ ರೋಗದ ಮೂಲವನ್ನು ಹುಡುಕುತ್ತಿದೆ.

ಚಾಲಕ ನರಕೋಶ ರೋಗದಲ್ಲಿ ದಕ್ಷಿಣ ಭಾರತಕ್ಕೆ ತನ್ನದೇ ಆದ ಪ್ರಶ್ನೆಗಳಿವೆ. ಅವನ್ನು ಬ್ರಿಟನ್ನಿನವರು ಬಂದು ಬಿಡಿಸಲಾರರು. ೧೯೭೦ರಲ್ಲಿ ಮದರಾಸಿನ ವೈದ್ಯರು ಈ ರೋಗದ ಬೇರೊಂದು ರೂಪವನ್ನು ವರದಿ ಮಾಡಿದರು. ಎಳೆಯ ವಯಸ್ಸಿನಲ್ಲಿ ಆರಂಭ, ಕೈಕಾಲುಗಳ ಸೊರಗು, ಮುಖ-ನಾಲಗೆಗಳ ದುರ್ಬಲತೆ, ಹಲವರಲ್ಲಿ ಕಿವುಡು. ಆದರೆ ರೋಗಿಗಳು ದಶಕಗಳ ಕಾಲ ಬದುಕುತ್ತಾರೆ. ಇದಕ್ಕೆ ಮದ್ರಾಸ್ ಮಾದರಿ ಎಂದೇ ಹೆಸರು. ಕರ್ನಾಟಕದಲ್ಲಿಯೂ ಇಂಥವರಿದ್ದಾರೆ, ನಿಮ್ಹಾನ್ಸ್ ಅವರನ್ನು ದೀರ್ಘಕಾಲದಿಂದ ಅಧ್ಯಯನ ಮಾಡುತ್ತ ಬಂದಿದೆ. ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಅಲ್ಲಿಗೇ ನಿಲ್ಲುವ ಮತ್ತೊಂದು ರೂಪಕ್ಕೆ ೧೯೮೪ರಲ್ಲಿ ಹೆಸರಿಟ್ಟವರೂ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಹೋದ್ಯೋಗಿಗಳು. ಎ.ಎಲ್.ಎಸ್.ನಲ್ಲಿ ಕೋಶಗಳು ಸಾಯುತ್ತಲೇ ಹೋಗುತ್ತವೆ, ಇವುಗಳಲ್ಲಿ ರೋಗ ನಿಧಾನಿಸುತ್ತದೆ ಇಲ್ಲವೇ ನಿಲ್ಲುತ್ತದೆ. ನಿಲ್ಲಿಸುವ ಆ ಶಕ್ತಿ ಯಾವುದು? ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮಗೆ ತೋಚದು.

ಇದು ಬರಿಯ ಕುತೂಹಲವಲ್ಲವೆಂಬುದಕ್ಕೆ ಇನ್ನೊಂದು ವೃತ್ತಾಂತವಿದೆ. ಕಿವುಡಿನಿಂದ ಆರಂಭವಾಗಿ ಮುಖ, ಗಂಟಲು, ಉಸಿರಾಟಗಳನ್ನು ದುರ್ಬಲಗೊಳಿಸುವ, ಮಕ್ಕಳ ಚಾಲಕ ನರಕೋಶಗಳನ್ನು ಕೆಡಿಸುವ ಒಂದು ರೋಗವನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ವೈದ್ಯರು ಕೈಕಟ್ಟಿ ನೋಡುತ್ತಿದ್ದರು. ೨೦೧೦ರಲ್ಲಿ ಅದರ ಜೀನ್ ಪತ್ತೆಯಾಯಿತು. ಅದು ರೈಬೋಫ್ಲೇವಿನ್ ಎಂಬ ಬಿ೨ ಜೀವಸತ್ವವನ್ನು ಕೋಶದೊಳಕ್ಕೆ ಸಾಗಿಸುವ ಜೀನ್. ಕೂಡಲೇ ವೈದ್ಯರು ಅದೇ ಜೀವಸತ್ವವನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ನೋಡಿದರು; ಹಲವು ಮಕ್ಕಳು ಚೇತರಿಸಿಕೊಂಡರು. ಔಷಧದಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವಸ್ತು! ಇದನ್ನೋದಿ ಎ.ಎಲ್.ಎಸ್. ರೋಗಿಗಳಿಗೆ ಬಿ೨ ಮಾತ್ರೆ ನುಂಗಿಸಬೇಡಿ, ಅವರಿಗೆ ಅದರಿಂದ ಪ್ರಯೋಜನವಿಲ್ಲ. ಆದರೆ ಕಿವಿ ಮಂದವಾಗಿ ನುಂಗಲು ತೊಡಕಾಗುತ್ತಿರುವ ಮಗು ನಿಮ್ಮ ಬಂಧುಗಳಲ್ಲಿದ್ದರೆ ಒಂದು ದಿನವೂ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿರಿ.

ಇನ್ನು ಆ ಐದು ಲಕ್ಷದ ಮಾತು. ಅದು ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಶಿಷ್ಯವೇತನಕ್ಕೆ ಸಾಕಾಗಿ ಸ್ವಲ್ಪ ಉಳಿಯುವ ಮೊತ್ತ. ಒಂದೇ ಮನೆಯಿಂದ ಪಿಎಚ್.ಡಿ. ಪೂರ್ಣವಾಗದು, ಐದು ಮನೆಗಳು ಸೇರಿದರೆ ಆದೀತು. ಹಣವನ್ನು ವ್ಯಕ್ತಿಗೆ ಕೊಡದೆ ಸಂಶೋಧನಾ ಸಂಸ್ಥೆಯ ಖಾತೆಗೆ, ರೋಗದ ಹೆಸರನ್ನು ಕಾಣಿಸಿದ ಲಿಖಿತ ಒಪ್ಪಂದದೊಡನೆ ಕೊಡಬೇಕು. ವರ್ಷಕ್ಕೊಮ್ಮೆ ವರದಿ ಕೇಳಬೇಕು. ಪ್ರಯೋಗ ವಿಫಲವಾದರೂ ಫಲಿತಾಂಶ ಪ್ರಕಟವಾಗಲೇಬೇಕೆಂದು ಷರತ್ತು ಹಾಕಬೇಕು, ಏಕೆಂದರೆ ಈ ರೋಗದಲ್ಲಿ ವಿಫಲವಾದ ಪ್ರಯೋಗಗಳೇ ಹೆಚ್ಚು.

ಮತ್ತೊಂದು ಸಂಗತಿಯನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆವು. ತಂದೆಯವರ ಕೊನೆಯ ವರ್ಷದಲ್ಲಿ ಈ ಕುಟುಂಬ ಎರಡು ಎಕರೆ ಮಾರಿ, ದೂರದ ನಗರವೊಂದರಲ್ಲಿ ಹೊಸ ಸಂಶೋಧನೆಯ ಚಿಕಿತ್ಸೆ ಎಂದು ಕಾಂಡಕೋಶಗಳ ಚುಚ್ಚುಮದ್ದು ಹಾಕಿಸಿತ್ತು. ನಿಜವಾದ ಪ್ರಯೋಗವಾಗಿದ್ದರೆ ಅದು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿರುತ್ತಿತ್ತು, ಮತ್ತು ರೋಗಿಯಿಂದ ಒಂದು ರೂಪಾಯಿಯನ್ನೂ ಕೇಳುವಂತಿರಲಿಲ್ಲ. ಐಸಿಎಂಆರ್‌ನ ೨೦೧೭ರ ಮಾರ್ಗಸೂಚಿಯು ಈ ರೋಗಕ್ಕೆ ಕಾಂಡಕೋಶಗಳನ್ನು ಚಿಕಿತ್ಸೆಯೆಂದು ಮಾರುವುದನ್ನು ಒಪ್ಪುವುದಿಲ್ಲ. ಇದನ್ನು ಹೇಳಿದಾಗ ಆ ಮಗ ಬಹಳ ಹೊತ್ತು ಮಾತಾಡಲಿಲ್ಲ.

ಹಣವಿಲ್ಲದ ಮನೆಯವರೂ ಕೊಡಬಹುದಾದದ್ದೊಂದಿದೆ. ನಿಮ್ಹಾನ್ಸ್‌ನಲ್ಲಿ ೧೯೯೫ರಿಂದ ಮಾನವ ಮಿದುಳಿನ ಭಂಡಾರವಿದೆ. ಮರಣಾನಂತರ ಕುಟುಂಬದ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಅಲ್ಲಿ ಸಂಶೋಧಕರಿಗಾಗಿ ಕಾಪಾಡುತ್ತಾರೆ. ಶಿಷ್ಯವೇತನವಿದ್ದೂ ಪರೀಕ್ಷಿಸಲು ಅಂಗಾಂಶವಿಲ್ಲದಿದ್ದರೆ ವಿದ್ಯಾರ್ಥಿಯ ಕೈ ಖಾಲಿಯೇ. ದೇಹವನ್ನು ಅಂತ್ಯಸಂಸ್ಕಾರಕ್ಕೆ ಮನೆಯವರಿಗೆ ಮರಳಿಸುವುದರಿಂದ ಕ್ರಿಯಾಸಮಾಧಿಗೆ ಅಡ್ಡಿಯಾಗದೆಂದು ನಮ್ಮ ತಿಳಿವಳಿಕೆ; ಸಂದೇಹವಿದ್ದವರು ಪೂಜ್ಯರಲ್ಲಿ ಅರಿಕೆ ಮಾಡಿಕೊಂಡು ಅಪ್ಪಣೆ ಪಡೆಯಬಹುದು.

ಈ ಲೇಖನದ ಕರಡನ್ನು ಆ ಭಕ್ತರಿಗೆ ಮೊದಲು ಓದಿ ತೋರಿಸಿದೆವು. ೨೪ ಲಕ್ಷದ ಲೆಕ್ಕವನ್ನು ಬ್ಯಾಂಕಿನ ಪುಸ್ತಕದ ಹಿಂಬದಿಯಲ್ಲಿ ತಾವೇ ಇನ್ನೊಮ್ಮೆ ಕೂಡಿ ನೋಡಿದರು. ತಮ್ಮ ತಾಲ್ಲೂಕಿನಲ್ಲಿ ಇದೇ ರೋಗದಿಂದ ಹಿರಿಯರನ್ನು ಕಳೆದುಕೊಂಡ ಇನ್ನೆರಡು ಮನೆಗಳನ್ನು ಅವರು ಬಲ್ಲರಂತೆ. ಜಾತ್ರೆ ಮುಗಿದ ವಾರ ಅವರನ್ನೂ ಕರೆದುಕೊಂಡು ಶ್ರೀಮಠಕ್ಕೆ ಬರುವುದಾಗಿ ಹೇಳಿ ಹೋಗಿದ್ದಾರೆ.