‘ಬಲ್ಲವಳು’ ಎಂಬ ಹುದ್ದೆ

ಹೆರಿಗೆ ಮಾಡಿಸುವವಳನ್ನು ನಾವು ಸೂಲಗಿತ್ತಿ ಎನ್ನುತ್ತೇವೆ. ಫ್ರಾನ್ಸ್ ದೇಶದಲ್ಲಿ ಆಕೆಯ ಹುದ್ದೆಗೆ ‘ಸಾಜ್ ಫಾಮ್’ ಎಂದು ಹೆಸರು. ‘ಸಾಜ್’ ಎಂದರೆ ಬಲ್ಲ, ತಿಳಿದ. ‘ಫಾಮ್’ ಎಂದರೆ ಹೆಂಗಸು. ‘ಸಾಜ್’ ಪದದ ಬೇರು ಲ್ಯಾಟಿನ್ ಭಾಷೆಯ ‘ಸಾಪೆರೆ’. ಈ ಪದಕ್ಕೆ ರುಚಿ ನೋಡುವುದು, ಅರಿಯುವುದು ಎಂಬ ಎರಡೂ ಅರ್ಥಗಳಿವೆ. ಅನುಭವದಿಂದ ಅರಿತವಳು ಎಂಬುದೇ ಹುದ್ದೆಯ ಮೂಲಾರ್ಥ.

ಆದರೆ ಹೆರಿಗೆಯಲ್ಲಿ ಅನುಭವವೊಂದೇ ಸಾಲದು. ಮಗು ಅಡ್ಡಲಾಗಿದ್ದಾಗ ಬಲವಂತವಾಗಿ ಎಳೆದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. 18ನೇ ಶತಮಾನದ ಫ್ರಾನ್ಸ್‌ನ ಹಳ್ಳಿಗಳಲ್ಲಿ ತರಬೇತಿಯಿಲ್ಲದ ಕೈಗಳಿಂದ ಇಂತಹ ಅನಾಹುತಗಳು ಆಗುತ್ತಿದ್ದವು. ಇದನ್ನು ತಡೆಯಲು 1759ರಲ್ಲಿ ದೊರೆ 15ನೇ ಲೂಯಿ, ಆಂಜೆಲಿಕ್ ದು ಕೂದ್ರೇ ಎಂಬ ಅನುಭವಿ ಸೂಲಗಿತ್ತಿಯನ್ನು ನಾಡಿನ ಹೆಂಗಸರಿಗೆ ಕಲಿಸಲು ನೇಮಿಸಿದನು. ಓದು ಬಾರದವರಿಗೂ ಅರ್ಥವಾಗಲೆಂದು ಆಕೆ ಬಟ್ಟೆ, ಚರ್ಮಗಳಿಂದ ಬಸುರಿಯ ಸೊಂಟದ ಭಾಗವನ್ನೂ ಶಿಶುವಿನ ಬೊಂಬೆಯನ್ನೂ ಮಾಡಿದ್ದಳು. ಅಡ್ಡಲಾದ ಮಗುವನ್ನು ತಿರುಗಿಸುವುದನ್ನು ಅದರ ಮೇಲೆಯೇ ಅಭ್ಯಾಸ ಮಾಡಿಸುತ್ತಿದ್ದಳು. ಹೀಗೆ ಊರೂರು ಸುತ್ತಿ ಸಾವಿರಾರು ಹೆಂಗಸರಿಗೆ ಕಲಿಸಿದಳು. ಆ ಸಾಧನಗಳಲ್ಲಿ ಒಂದನ್ನು ರುವಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

1803ರ ಕಾನೂನು ಈ ವೃತ್ತಿಗೆ ಶಿಕ್ಷಣ ಮತ್ತು ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕಷ್ಟದ ಹೆರಿಗೆಯಲ್ಲಿ ವೈದ್ಯರನ್ನು ಕರೆಸದೆ ಉಪಕರಣಗಳನ್ನು ಬಳಸಬಾರದೆಂದೂ ವಿಧಿಸಿತು.

1982ರಲ್ಲಿ ಗಂಡಸರಿಗೂ ಈ ವೃತ್ತಿಯ ಬಾಗಿಲು ತೆರೆಯಿತು. ಗಂಡಸನ್ನು ‘ಬಲ್ಲ ಹೆಂಗಸು’ ಎಂದು ಕರೆಯುವುದು ಹೇಗೆ? ಹೆರಿಗೆ ಮಾಡಿಸುವ ವಿದ್ಯೆಗಿರುವ ಗ್ರೀಕ್ ಪದದಿಂದ ‘ಮಯೂತಿಸಿಯಾ’ ಎಂಬ ಹೊಸ ಹೆಸರನ್ನು ಫ್ರೆಂಚ್ ಅಕಾಡೆಮಿ ಸೂಚಿಸಿತು. ಅದು ಹೆಚ್ಚು ಬಳಕೆಗೆ ಬರಲಿಲ್ಲ. ಈಗ ಗಂಡಸರಿಗೂ ‘ಸಾಜ್ ಫಾಮ್’ ಎಂಬ ಹೆಸರೇ ಇದೆ. ‘ಹೆಂಗಸು’ ಎಂದರೆ ಇಲ್ಲಿ ಹೆರುವ ತಾಯಿ, ಆಕೆಯನ್ನು ಬಲ್ಲವರೇ ‘ಸಾಜ್ ಫಾಮ್’ ಎಂದು ಹಲವರು ಇಂದು ಅರ್ಥ ಹೇಳುತ್ತಾರೆ.

ಇಂದು ಫ್ರಾನ್ಸ್‌ನಲ್ಲಿ ಈ ಹುದ್ದೆಗೆ ವರ್ಷಗಟ್ಟಲೆ ಉನ್ನತ ಶಿಕ್ಷಣ ಬೇಕು. ಸಹಜ ಬಸಿರು, ಹೆರಿಗೆ, ಬಾಣಂತಿಯ ಆರೈಕೆಯನ್ನು ಅವರೇ ನೋಡಿಕೊಳ್ಳುತ್ತಾರೆ. ತೊಡಕು ಕಂಡೊಡನೆ ವೈದ್ಯರಿಗೆ ಒಪ್ಪಿಸುತ್ತಾರೆ. ತೊಡಕನ್ನು ಬೇಗ ಗುರುತಿಸುವುದೂ ಬಲ್ಲವರ ಲಕ್ಷಣವೇ. ಅಷ್ಟನ್ನು ಮನೆಮಂದಿಯೂ ಕಲಿತಿರಬೇಕು. ಬಸುರಿಗೆ ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಕಾಣಿಸಿದರೆ ಅಥವಾ ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯಬಾರದು; ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.